ಮಳೆಗಾಲದ ಕಣಜ ಮತ್ತು ದಾಸ್ತಾನಿನ ಗಣಿತ

ಆರಿದ್ರೆ ಮಳೆಯು ಹಿಡಿಯುವುದಕ್ಕೆ ಮುಂಚೆಯೇ ಮನೆಯು ತುಂಬಿಕೊಂಡಿರಬೇಕೆಂಬುದು ಮಲೆನಾಡಿನ ಹಿರಿಯರು ಹಾಕಿಕೊಟ್ಟ ಕಟ್ಟಳೆ. ಸಕಲೇಶಪುರ ತಾಲ್ಲೂಕಿನಲ್ಲಿ, ಬಿಸಿಲೆ ಘಾಟಿಯ ಕಡೆಗಿರುವ ವನಗೂರಿನಂಥ ಊರುಗಳಲ್ಲಿ ಈ ಕಟ್ಟಳೆಯ ಕಾರಣವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟಿಗೆಯ ಮಗ್ಗುಲಿಗೆ ಒಣಸೌದೆ, ಕಣಜದಲ್ಲಿ ಭತ್ತ, ಒಲೆಯ ಮೇಲಣ ಅಟ್ಟದಲ್ಲಿ ಹುಣಿಸೆ, ಮೆಣಸಿನಕಾಯಿ, ಹಲಸಿನ ಹಪ್ಪಳ, ಜಾಡಿಯಲ್ಲಿ ಮಿಡಿ ಉಪ್ಪಿನಕಾಯಿ, ದನಗಳಿಗೆ ಹುಲ್ಲಿನ ಬಣವೆ, ಇಷ್ಟೂ ಮೃಗಶಿರ ಕಳೆಯುವುದರೊಳಗಾಗಿ ಸಿದ್ಧವಾಗಬೇಕು. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಬಿಡದೆ ಸುರಿಯುವ ದಿನಗಳಲ್ಲಿ ಮರವುರುಳಿಯೋ ಹಳ್ಳ ಉಕ್ಕಿಯೋ ದಾರಿ ಕಟ್ಟಿತೆಂದರೆ ಮನೆಯಲ್ಲಿ ಇದ್ದುದೇ ಆಧಾರ.

ಈ ಸಿದ್ಧತೆಯಲ್ಲಿ ಮನೆಯೊಡತಿಯು ವರ್ಷವರ್ಷವೂ ಬಿಡಿಸುವ ಒಂದು ಲೆಕ್ಕವು ಅಡಗಿದೆ. ಸೌದೆಯನ್ನು ಬೇಕಾದುದಕ್ಕಿಂತ ಹೆಚ್ಚಾಗಿ ಒಟ್ಟಿದರೆ ಜಾಗ ಹಿಡಿಯುತ್ತದೆ, ಗೆದ್ದಲು ಹತ್ತುತ್ತದೆ, ಕಡಿಸಿದ ಕೂಲಿಯೂ ದಂಡ. ಕಡಮೆ ಒಟ್ಟಿದರೆ ಆಶ್ಲೇಷ ಮಳೆಯ ನಡುವೆ ಹಸಿಸೌದೆಯ ಹೊಗೆಯಲ್ಲಿ ಕಣ್ಣೀರು ಸುರಿಸಬೇಕು. ಹೆಚ್ಚಾದರೂ ನಷ್ಟ, ಕಡಮೆಯಾದರೂ ನಷ್ಟ. ಈ ಎರಡು ನಷ್ಟಗಳು ಒಂದೇ ಬಗೆಯವಲ್ಲ, ಒಂದೇ ಅಳತೆಯವೂ ಅಲ್ಲ. ಸಾಲದುದಕ್ಕೆ, ಮುಂದೆ ಬರುವ ಮಳೆಯು ಎಷ್ಟೆಂಬುದು ಯಾರಿಗೂ ಮೊದಲೇ ತಿಳಿದಿರುವುದಿಲ್ಲ. ಇಂಥ ಲೆಕ್ಕವನ್ನು ಸಾವಿರಾರು ಸರಕುಗಳಿಗೆ, ದಿನದಿನವೂ, ಅಂಕಿಗಳಲ್ಲಿ ಬಿಡಿಸುವುದನ್ನೇ ಕಸುಬಾಗಿ ಮಾಡಿಕೊಂಡವರನ್ನು ಇಂದಿನ ಕಾರ್ಖಾನೆಗಳಲ್ಲಿಯೂ ಮಳಿಗೆಗಳಲ್ಲಿಯೂ ಇನ್ವೆಂಟರಿ ಪ್ಲಾನರ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ದಾಸ್ತಾನು ಯೋಜಕ ಎನ್ನೋಣ. ಭೌತವಿಜ್ಞಾನವನ್ನು ಪಾಠ ಹೇಳುವ ನಮ್ಮ ತರಗತಿಗಳಲ್ಲಿ ಈ ವೃತ್ತಿಯ ಹೆಸರನ್ನು ಕೇಳಿದ ವಿದ್ಯಾರ್ಥಿಗಳು ವಿರಳ. ಅದರ ಹಿಂದಿರುವ ಗಣಿತವಾದರೋ ಅವರು ಆಗಲೇ ಕಲಿತಿರುವ ಗಣಿತವೇ ಆಗಿದೆ.

ವೃತ್ತಿಯು ಹೊಸದೆಂದು ತೋರಿದರೂ ಚಿಂತೆಯು ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ವಿಧಿಸಲಾಗಿದೆ. ಉಗ್ರಾಣದಲ್ಲಿ ಕೂಡಿದುದರ ಅರ್ಧವನ್ನು ಜನಪದದ ಆಪತ್ಕಾಲಕ್ಕೆಂದು ಕಾದಿಟ್ಟು ಉಳಿದರ್ಧವನ್ನು ಮಾತ್ರ ಬಳಸಬೇಕು, ಹಳೆಯ ಸರಕನ್ನು ತೆಗೆದು ಹೊಸದನ್ನು ತುಂಬುತ್ತಿರಬೇಕು ಎಂಬ ಎರಡು ನಿಯಮಗಳು ಅಲ್ಲಿವೆ. ಇಂದಿನ ಪಠ್ಯಪುಸ್ತಕಗಳು ಹೇಳುವ ಎರಡು ಮುಖ್ಯ ತತ್ತ್ವಗಳು ಇವೇ. ಆದರೆ ಕಾದಿಡಬೇಕಾದುದು ಅರ್ಧವೇ ಏಕೆ, ಮೂರನೆಯ ಒಂದು ಪಾಲು ಏಕಲ್ಲ ಎಂಬ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಸಂಖ್ಯಾಶಾಸ್ತ್ರವು ಬೆಳೆಯುವವರೆಗೆ ಕಾಯಬೇಕಾಯಿತು.

ಮೊದಲು ಸುಲಭವಾದ ಪ್ರಶ್ನೆಯನ್ನು ಎತ್ತಿಕೊಳ್ಳೋಣ: ಒಂದು ಸಲಕ್ಕೆ ಎಷ್ಟು ತರಿಸಬೇಕು? ಹಳ್ಳಿಯ ಅಂಗಡಿಯೊಂದರಲ್ಲಿ ವರ್ಷಕ್ಕೆ 600 ಮೂಟೆ ಅಕ್ಕಿ ಖರ್ಚಾಗುತ್ತದೆಂದು ಇಟ್ಟುಕೊಳ್ಳೋಣ. ಪೇಟೆಗೆ ಒಂದು ಸಲ ಗಾಡಿ ಕಳುಹಿಸಿ ತರಿಸಲು ಬಾಡಿಗೆ, ಹಮಾಲಿ ಎಲ್ಲ ಸೇರಿ 1200 ರೂಪಾಯಿ ಬೀಳುತ್ತದೆ. ಎಷ್ಟು ಮೂಟೆ ಹೇರಿದರೂ ಈ ವೆಚ್ಚ ಹೆಚ್ಚುಕಡಮೆ ಒಂದೇ. ಇನ್ನೊಂದು ಕಡೆ, ಒಂದು ಮೂಟೆಯನ್ನು ಒಂದು ವರ್ಷ ಅಂಗಡಿಯಲ್ಲಿಟ್ಟರೆ ಹಾಕಿದ ಹಣದ ಬಡ್ಡಿ, ಇಲಿಯ ಪಾಲು, ತೇವದ ಪಾಲು ಎಲ್ಲ ಸೇರಿ 100 ರೂಪಾಯಿ ನಷ್ಟ. ಲೆಕ್ಕವು ಸುಲಭವಾಗಲೆಂದು ನಾವೇ ಆರಿಸಿಕೊಂಡ ಅಂಕಿಗಳಿವು. ಒಂದು ಸಲಕ್ಕೆ 60 ಮೂಟೆ ತರಿಸಿದರೆ ವರ್ಷಕ್ಕೆ ಹತ್ತು ಸಲ ಗಾಡಿ ಓಡಬೇಕು, ವೆಚ್ಚ 12,000. ಅಂಗಡಿಯಲ್ಲಿ ಸರಾಸರಿ ಇರುವುದು ತಂದುದರ ಅರ್ಧ, ಎಂದರೆ 30 ಮೂಟೆ. ಅದನ್ನು ಇಟ್ಟುಕೊಂಡ ವೆಚ್ಚ 3,000. ಒಟ್ಟು 15,000 ರೂಪಾಯಿ. ಒಂದು ಸಲಕ್ಕೆ 120 ಮೂಟೆ ತರಿಸಿದರೆ ಗಾಡಿಯ ವೆಚ್ಚ 6,000, ಇಟ್ಟುಕೊಂಡ ವೆಚ್ಚ 6,000, ಒಟ್ಟು 12,000. ಮತ್ತೂ ಹೆಚ್ಚಿಸಿ 150 ತರಿಸಿದರೆ 4,800 ಮತ್ತು 7,500 ಸೇರಿ 12,300.

120 ಮೂಟೆಯ ಕಡೆ ಎರಡು ವೆಚ್ಚಗಳು ಸಮವಾದುದನ್ನು ಓದುಗರು ಗಮನಿಸಿರಬಹುದು. ಇದು ಆಕಸ್ಮಿಕವಲ್ಲ. ಮೂರು ಸಂದರ್ಭಗಳಲ್ಲಿಯೂ ಎರಡು ವೆಚ್ಚಗಳ ಗುಣಲಬ್ಧವನ್ನು ಕಂಡುಹಿಡಿದರೆ ಅದು ಒಂದೇ ಆಗಿರುತ್ತದೆ: ಮೂರು ಕೋಟಿ ಅರವತ್ತು ಲಕ್ಷ. ಗುಣಲಬ್ಧವು ಸ್ಥಿರವಾಗಿರುವ ಎರಡು ಧನಸಂಖ್ಯೆಗಳ ಮೊತ್ತವು ಅತ್ಯಂತ ಕಡಮೆಯಾಗುವುದು ಅವೆರಡೂ ಸಮವಾದಾಗ ಎಂಬುದು ಪ್ರೌಢಶಾಲೆಯ ಬೀಜಗಣಿತ. ಕಲನಶಾಸ್ತ್ರದ ನೆರವೂ ಬೇಕಾಗಿಲ್ಲ. ಇದರಿಂದ ದೊರೆಯುವ ಸೂತ್ರವನ್ನು ಮಾತಿನಲ್ಲಿ ಹೀಗೆ ಹೇಳಬಹುದು: ವರ್ಷದ ಖರ್ಚನ್ನು ಒಂದು ಸಲ ತರಿಸುವ ವೆಚ್ಚದಿಂದ ಗುಣಿಸಿ, ಎರಡರಿಂದ ಗುಣಿಸಿ, ಒಂದು ಮೂಟೆಯನ್ನು ವರ್ಷವಿಡೀ ಇಡುವ ವೆಚ್ಚದಿಂದ ಭಾಗಿಸಿ, ಬಂದುದರ ವರ್ಗಮೂಲವನ್ನು ತೆಗೆಯಬೇಕು. ಇಲ್ಲಿ √(2 × 600 × 1200 ÷ 100) = √14,400 = 120.

ಈ ಸೂತ್ರವನ್ನು 1913ರಲ್ಲಿ ಅಮೆರಿಕದ ಕಾರ್ಖಾನೆ ಪತ್ರಿಕೆಯೊಂದರಲ್ಲಿ ಮೊದಲು ಪ್ರಕಟಿಸಿದವನು ಫೋರ್ಡ್ ವಿಟ್ಮನ್ ಹ್ಯಾರಿಸ್. ಪ್ರೌಢಶಾಲೆಯ ಆಚೆಗೆ ಕಾಲೇಜಿನ ಮೆಟ್ಟಿಲು ಹತ್ತದೆ, ತಾನೇ ಓದಿ ಎಂಜಿನಿಯರನಾಗಿ, ಅನಂತರ ಪೇಟೆಂಟ್ ವಕೀಲನಾದವನು ಈತ. 1934ರಲ್ಲಿ ಅದೇ ಸೂತ್ರವನ್ನು ಬಳಕೆಗೆ ತಂದ ವಿಲ್ಸನ್ ಎಂಬವನ ಹೆಸರು ಪಠ್ಯಪುಸ್ತಕಗಳಲ್ಲಿ ನಿಂತುಬಿಟ್ಟಿತು. ಹ್ಯಾರಿಸನ ಮೂಲ ಲೇಖನವು ಎಷ್ಟೋ ದಶಕಗಳವರೆಗೆ ಯಾರ ಕಣ್ಣಿಗೂ ಬೀಳದೆ ಉಳಿದು, 1980ರ ದಶಕದ ಕೊನೆಯಲ್ಲಿ ಮತ್ತೆ ದೊರೆಯಿತು. ದಾಸ್ತಾನಿನ ಶಾಸ್ತ್ರದ ಮೊದಲ ಸರಕೇ ಹೀಗೆ ಉಗ್ರಾಣದಲ್ಲಿ ಕಳೆದುಹೋಗಿತ್ತೆಂಬುದು ವಿನೋದವೇ ಸರಿ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಸೂತ್ರದಲ್ಲಿ ಎರಡು ಸಂಗತಿಗಳು ರುಚಿಸಬೇಕು. ವ್ಯಾಪಾರವು ನಾಲ್ಕು ಪಟ್ಟಾದರೆ ಒಂದು ಸಲ ತರಿಸುವ ಮೊತ್ತವು ಎರಡು ಪಟ್ಟು ಮಾತ್ರ ಆಗುತ್ತದೆ. ಎರಡನೆಯದಾಗಿ, ಕನಿಷ್ಠದ ಸಮೀಪದಲ್ಲಿ ವಕ್ರರೇಖೆಯು ಬಹಳ ಚಪ್ಪಟೆ. 120ರ ಬದಲು 150 ತರಿಸಿದಾಗ ನಾವು ಶೇಕಡ 25ರಷ್ಟು ತಪ್ಪಿದೆವು. ವೆಚ್ಚ ಏರಿದುದಾದರೋ ಶೇಕಡ 2.5 ಮಾತ್ರ. ಆದುದರಿಂದ ಅನುಭವಿಯಾದ ಯೋಜಕನು ಈ ಅಂಕಿಯ ಮೇಲೆ ತಲೆ ಕೆಡಿಸಿಕೊಳ್ಳುವುದಿಲ್ಲ. ಗಾಡಿ ಹಿಡಿಯುವಷ್ಟಕ್ಕೆ ಸರಿಹೊಂದಿಸಿಕೊಂಡು ಮುಂದೆ ಹೋಗುತ್ತಾನೆ. ಅವನು ತಲೆ ಕೆಡಿಸಿಕೊಳ್ಳುವುದು ‘ಎಷ್ಟು’ ಎಂಬುದಕ್ಕಿಂತ ‘ಯಾವಾಗ’ ಎಂಬುದಕ್ಕೆ.

ಅದಕ್ಕೆ ಹೋಗುವ ಮುನ್ನ, ‘ಇಟ್ಟುಕೊಳ್ಳುವ ವೆಚ್ಚ’ವೆಂಬ ಮಾತನ್ನು ಹಗುರವಾಗಿ ಬಿಡಬಾರದು. ವನಗೂರಿನ ಸುತ್ತಣ ತೋಟಗಳ ಕಾಫಿಯನ್ನೇ ನೋಡೋಣ. ಕಣದಲ್ಲಿ ಒಣಗಿಸಿದ ಕಾಫಿಯಲ್ಲಿ ತೇವಾಂಶವು ಸುಮಾರು ಶೇಕಡ 10ರಿಂದ 12ಕ್ಕೆ ಇಳಿದಿರುತ್ತದೆ. ಬೀಜವಾದರೋ ನೀರನ್ನು ಹೀರುವ ವಸ್ತು. ಮಳೆಗಾಲದ ಒದ್ದೆಗಾಳಿಯೊಡನೆ ಸಮತೋಲಕ್ಕೆ ಬರುವವರೆಗೆ ತೇವವನ್ನು ಎಳೆದುಕೊಳ್ಳುತ್ತಲೇ ಹೋಗುತ್ತದೆ, ಬಣ್ಣಗೆಡುತ್ತದೆ, ಬೂಷ್ಟು ಹಿಡಿಯುತ್ತದೆ. ಹೀಗಾಗಿ ಜೂನ್ ತಿಂಗಳ ಆಚೆಗೆ ಕಾಫಿಯನ್ನು ತೋಟದಲ್ಲಿ ಇಟ್ಟುಕೊಳ್ಳುವುದಕ್ಕೂ ಬಯಲುಸೀಮೆಯ ಒಣ ಗೋದಾಮಿನಲ್ಲಿ ಇಡುವುದಕ್ಕೂ ವೆಚ್ಚ ಒಂದೇ ಅಲ್ಲ. ಒಂದು ಕಾಲಕ್ಕೆ ಬೆಳೆಗಾರನಿಗೆ ಈ ಯೋಚನೆಯೇ ಇರಲಿಲ್ಲ. 1942ರ ಕಾಯಿದೆಯ ಮೇರೆಗೆ ಅವನು ಬೆಳೆದ ಕಾಫಿಯೆಲ್ಲವೂ ಕಾಫಿ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು. ದೇಶದ ಕಾಫಿಯ ದಾಸ್ತಾನಿಗೆ ಮಂಡಳಿಯೇ ಯೋಜಕ. 1992ರಿಂದ ಮೊದಲಾಗಿ ಈ ಕಟ್ಟು ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಎಲ್ಲ ಬೆಳೆಗಾರರಿಗೂ ತಮ್ಮ ಕಾಫಿಯನ್ನು ತಾವೇ ಮಾರುವ ಪೂರ್ಣ ಸ್ವಾತಂತ್ರ್ಯ ದೊರೆಯಿತು. ಸ್ವಾತಂತ್ರ್ಯದೊಡನೆ ಲೆಕ್ಕವೂ ಅವನ ತಲೆಯ ಮೇಲೆ ಬಂತು: ಯಾವ ತಿಂಗಳಲ್ಲಿ ಎಷ್ಟು ಮಾರಬೇಕು, ಎಷ್ಟು ಇಟ್ಟುಕೊಳ್ಳಬೇಕು?

ಈಗ ‘ಯಾವಾಗ’ ಎಂಬ ಪ್ರಶ್ನೆಗೆ ಬರೋಣ. ಅಡುಗೆ ಅನಿಲದ ಸಿಲಿಂಡರುಗಳನ್ನು ಹಂಚುವ ಒಬ್ಬ ವಿತರಕನಿದ್ದಾನೆ. ದಿನಕ್ಕೆ ಸರಾಸರಿ 9 ಸಿಲಿಂಡರುಗಳು ಹೋಗುತ್ತವೆ. ಒಂದು ದಿನ 6, ಮತ್ತೊಂದು ದಿನ 12 ಹೋಗುವುದುಂಟು; ಈ ಏರಿಳಿತದ ಅಳತೆಯಾದ ಮಾನಕ ವಿಚಲನೆಯು 3 ಎಂದಿರಲಿ. ಬೇಡಿಕೆ ಕಳುಹಿಸಿದ ನಾಲ್ಕನೆಯ ದಿನಕ್ಕೆ ಲಾರಿ ಬರುತ್ತದೆ. ಆ ನಾಲ್ಕು ದಿನಗಳಲ್ಲಿ ಸರಾಸರಿ ಖರ್ಚು 36. ಹಾಗಾದರೆ 36 ಸಿಲಿಂಡರುಗಳು ಉಳಿದಾಗ ಬೇಡಿಕೆ ಕಳುಹಿಸಿದರೆ ಸಾಕೇ? ಸಾಲದು. ಸರಾಸರಿಯೆಂದರೆ ಸ್ಥೂಲವಾಗಿ ಅರ್ಧ ಸಲ ಅದಕ್ಕಿಂತ ಹೆಚ್ಚು, ಅರ್ಧ ಸಲ ಕಡಮೆ ಎಂದರ್ಥ. ಸರಾಸರಿಯನ್ನೇ ನಂಬಿದವನ ಅಂಗಡಿಯು ಎರಡರಲ್ಲಿ ಒಂದು ಸಲ ಬರಿದಾಗುತ್ತದೆ.

ಆದುದರಿಂದ ಸರಾಸರಿಯ ಮೇಲೆ ಇನ್ನಷ್ಟು ಇಟ್ಟುಕೊಂಡಿರಬೇಕು. ಇದನ್ನು ಕಾಪು ದಾಸ್ತಾನು ಎನ್ನಬಹುದು. ಅದು ಎಷ್ಟಿರಬೇಕು? ನಾಲ್ಕು ದಿನಗಳ ಏರಿಳಿತವು ಒಂದು ದಿನದ ಏರಿಳಿತದ ನಾಲ್ಕು ಪಟ್ಟಲ್ಲ, ಎರಡು ಪಟ್ಟು ಮಾತ್ರ. ಏಕೆಂದರೆ ಒಂದು ದಿನದ ಹೆಚ್ಚಳವನ್ನು ಮತ್ತೊಂದು ದಿನದ ಕೊರತೆಯು ತಕ್ಕಮಟ್ಟಿಗೆ ತುಂಬಿಕೊಡುತ್ತದೆ. ನೀರಿನಲ್ಲಿ ತೇಲುವ ಪರಾಗದ ಕಣವು ಅಣುಗಳ ತಳ್ಳಾಟದಿಂದ ಅತ್ತಿತ್ತ ಅಲೆದಾಡುವಾಗ, ಅದು ಮೊದಲ ಸ್ಥಾನದಿಂದ ದೂರ ಸರಿಯುವ ಪ್ರಮಾಣವು ಕಾಲಕ್ಕಲ್ಲದೆ ಕಾಲದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆಂದು ಐನ್‌ಸ್ಟೈನರು 1905ರಲ್ಲಿ ತೋರಿಸಿದರಷ್ಟೆ. ಪರಾಗದ ಕಣಕ್ಕೂ ಸಿಲಿಂಡರಿಗೂ ಇಲ್ಲಿ ಒಂದೇ ನಿಯಮ. ಅದಕ್ಕೂ ಹಿಂದೆ, 1888ರಲ್ಲಿ, ಇಂಗ್ಲೆಂಡಿನ ಎಡ್ಜ್‌ವರ್ತ್ ಎಂಬ ವಿದ್ವಾಂಸನು ಬ್ಯಾಂಕಿನಲ್ಲಿ ನಗದು ಎಷ್ಟಿರಬೇಕೆಂಬ ಲೆಕ್ಕಕ್ಕೆ ಇಂಥದೇ ವಿಚಾರವನ್ನು ಬಳಸಿದ್ದನು. ನಮ್ಮ ವಿತರಕನಿಗೆ ನಾಲ್ಕು ದಿನಗಳ ಮಾನಕ ವಿಚಲನೆ 3 × √4 = 6. ಅದರ ಎರಡರಷ್ಟನ್ನು, ಎಂದರೆ 12 ಸಿಲಿಂಡರುಗಳನ್ನು, ಕಾಪಿಗೆಂದು ಇಟ್ಟುಕೊಂಡರೆ ನೂರರಲ್ಲಿ ಸುಮಾರು 98 ಸಲ ಅಂಗಡಿಯು ಬರಿದಾಗದು. 36ಕ್ಕೆ 12 ಸೇರಿಸಿ, 48 ಉಳಿದಾಗ ಬೇಡಿಕೆ ಕಳುಹಿಸಬೇಕು.

ಇದು ಬೇಸಗೆಯ ಲೆಕ್ಕ. ಮಳೆಗಾಲದಲ್ಲಿ ಲಾರಿಯು ನಾಲ್ಕನೆಯ ದಿನಕ್ಕೇ ಬರುತ್ತದೆಂಬ ಭರವಸೆ ಎಲ್ಲಿದೆ? 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಣ ರೈಲುಮಾರ್ಗವು ವಾರಗಟ್ಟಲೆ ಮುಚ್ಚಿತ್ತು, ಶಿರಾಡಿ ಘಾಟಿಯ ಹೆದ್ದಾರಿಯೂ ಕಟ್ಟಿತ್ತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ಮಣ್ಣು ಜರಿದು ರೈಲುಗಳು ಮತ್ತೆ ನಿಂತವು. ಸರಾಸರಿ ಕಾಯುವ ಅವಧಿಯು ನಾಲ್ಕು ದಿನವೇ ಇದ್ದು, ಅದರಲ್ಲಿಯೂ ಎರಡು ದಿನಗಳಷ್ಟು ಮಾನಕ ವಿಚಲನೆ ಇದೆಯೆಂದು ಇಟ್ಟುಕೊಳ್ಳೋಣ. ಆಗ ಎರಡು ಬಗೆಯ ಏರಿಳಿತಗಳ ವರ್ಗಗಳನ್ನು ಕೂಡಿಸಬೇಕು. ಕೊಳ್ಳುವವರಿಂದ ಬಂದುದು 4 × 9 = 36. ದಾರಿಯಿಂದ ಬಂದುದು 81 × 4 = 324. ಮೊತ್ತ 360, ಅದರ ವರ್ಗಮೂಲ ಸುಮಾರು 19. ಕಾಪು ದಾಸ್ತಾನು 12ರಿಂದ 38ಕ್ಕೆ ಏರಿತು! ಕೊಳ್ಳುವವರ ಸಂಖ್ಯೆಯಲ್ಲಿ ಒಂದಿಷ್ಟೂ ಬದಲಾವಣೆಯಾಗಲಿಲ್ಲ. ಬದಲಾದುದು ದಾರಿಯ ವಿಶ್ವಾಸಾರ್ಹತೆ ಒಂದೇ.

ಇನ್ನೊಂದು ಸಂದರ್ಭವನ್ನು ಇದರೊಡನೆ ಹೋಲಿಸೋಣ. ಬೇರೊಬ್ಬ ಸರಬರಾಜುದಾರನು ಸುತ್ತುದಾರಿಯಿಂದ ತಂದು ಒಂಬತ್ತು ದಿನ ತೆಗೆದುಕೊಳ್ಳುತ್ತಾನೆ. ಆದರೆ ಒಂಬತ್ತನೆಯ ದಿನಕ್ಕೆ ತಪ್ಪದೆ ಬರುತ್ತಾನೆ. ಆಗ ವಿಚಲನೆ 3 × √9 = 9; ಕಾಪು ದಾಸ್ತಾನು 18 ಸಾಕು. ನಾಲ್ಕು ದಿನದವನಿಗೆ 38, ಒಂಬತ್ತು ದಿನದವನಿಗೆ 18! ನಿಧಾನವಾದರೂ ಮಾತಿಗೆ ತಪ್ಪದ ಪೂರೈಕೆಯು ಬೇಗ ಬಂದೇನೆಂದು ಹೇಳಿ ಕೈಕೊಡುವ ಪೂರೈಕೆಗಿಂತ ಮೇಲು. ಕೆಲಸಕ್ಕೆ ಸೇರಿದ ಹೊಸಬರು ಸಾಮಾನ್ಯವಾಗಿ ಬೇಡಿಕೆಯ ಮುನ್ನಂದಾಜನ್ನೇ ತಿದ್ದಿತಿದ್ದಿ ಕಾಲ ಕಳೆಯುತ್ತಾರೆ. ಈ ಸಮೀಕರಣವನ್ನು ನೋಡಿದವರಿಗೆ, ಮಲೆನಾಡಿನಂಥ ಕಡೆ ಮೊದಲು ಅಳೆಯಬೇಕಾದುದು ಕಾಯುವ ಅವಧಿಯ ಚಂಚಲತೆಯನ್ನು ಎಂಬುದು ಸ್ಪಷ್ಟವಾಗುತ್ತದೆ. ಬೇಡಿಕೆ ಕಳುಹಿಸಿದ ದಿನಾಂಕ, ಸರಕು ಮುಟ್ಟಿದ ದಿನಾಂಕ, ಇವೆರಡನ್ನು ಪ್ರತಿ ಸಲವೂ ಬರೆದಿಡುವ ಅಂಗಡಿಗಳು ಎಷ್ಟಿವೆ?

ಈ ಗಣಿತಕ್ಕೂ ಒಂದು ಎಲ್ಲೆಯುಂಟು. ‘ನೂರರಲ್ಲಿ 98 ಸಲ’ ಎಂಬ ಮಾತು ಏರಿಳಿತಗಳು ಗಂಟೆಯಾಕಾರದ ವಕ್ರರೇಖೆಯನ್ನು ಅನುಸರಿಸಿದಾಗ ಮಾತ್ರ ಸರಿ. ಗುಡ್ಡದ ಕುಸಿತವು ಹಾಗೆ ಅನುಸರಿಸುವುದಿಲ್ಲ. ಎಷ್ಟೋ ವರ್ಷ ಏನೂ ಆಗದೆ, ಒಂದು ವರ್ಷ ಮೂರು ವಾರ ದಾರಿಯೇ ಇಲ್ಲದಂತಾಗುತ್ತದೆ. ಇಂಥದಕ್ಕೆ ಸರಾಸರಿ, ವಿಚಲನೆಗಳನ್ನು ಹಿಡಿದು ಕುಳಿತರೆ ಅಂಕಿಗಳು ಸುಳ್ಳು ಧೈರ್ಯವನ್ನು ಕೊಡುತ್ತವೆ. ಆಗ ಕೇಳಬೇಕಾದ ಪ್ರಶ್ನೆಯೇ ಬೇರೆ: ದಾರಿಯು ಮೂರು ವಾರ ಮುಚ್ಚಿದರೆ ಇವುಗಳಲ್ಲಿ ಯಾವುದಿಲ್ಲದೆ ಬದುಕಲಾಗದು? ಮಲೆನಾಡಿನ ಮನೆಯೊಡತಿಯು ಅಟ್ಟವನ್ನು ತುಂಬುವಾಗ ಕೇಳುವುದು ಈ ಪ್ರಶ್ನೆಯನ್ನೇ. ಕೌಟಿಲ್ಯನ ಅರ್ಧಪಾಲಿನ ನಿಯಮವೂ ಬಹುಶಃ ಈ ಜಾತಿಗೆ ಸೇರಿದುದು.

ಕೆಲವು ಸರಕುಗಳನ್ನು ಒಂದೇ ಒಂದು ಸಲ ತರಿಸಬೇಕು. ಋತು ಮುಗಿದ ಮೇಲೆ ಅವಕ್ಕೆ ಬೆಲೆಯಿಲ್ಲ. ಛತ್ರಿಯನ್ನು ತೆಗೆದುಕೊಳ್ಳೋಣ. ಒಂದು ಛತ್ರಿ ಸಾಲದೆ ಹೋದರೆ ಅಂಗಡಿಯವನಿಗೆ 150 ರೂಪಾಯಿ ಲಾಭ ತಪ್ಪುತ್ತದೆ. ಒಂದು ಉಳಿದುಹೋದರೆ 50 ರೂಪಾಯಿ ನಷ್ಟ. ಹಾಗಿದ್ದರೆ 150ನ್ನು 200ರಿಂದ ಭಾಗಿಸಿ ಬರುವ ಮುಕ್ಕಾಲು ಭಾಗವೇ ಅವನಿಗೆ ದಾರಿ ತೋರುತ್ತದೆ: ನಾಲ್ಕು ಮಳೆಗಾಲಗಳಲ್ಲಿ ಮೂರಕ್ಕೆ ಸಾಕಾಗುವಷ್ಟು ತರಿಸಿ, ನಾಲ್ಕನೆಯದರಲ್ಲಿ ಸಾಲದೆ ಹೋದರೆ ಹೋಗಲಿ ಎಂದು ಬಿಡಬೇಕು. ಎಂದೂ ಕೊರತೆಯಾಗಬಾರದೆಂಬ ಹಟವು ವ್ಯಾಪಾರದಲ್ಲಿ ಲಾಭದಾಯಕವಲ್ಲ.

ಆದರೆ ಛತ್ರಿಯ ಜಾಗದಲ್ಲಿ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷವನ್ನು ಇಟ್ಟು ನೋಡೋಣ. ಗದ್ದೆ ತೋಟಗಳಲ್ಲಿ ದುಡಿಯುವವರಿಗೆ ಮಳೆಗಾಲದಲ್ಲಿ ಈ ಅಪಾಯ ಹೆಚ್ಚು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ದಾಸ್ತಾನು ಯೋಜಕನ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ಯಾವ ತಾಲ್ಲೂಕಿನಲ್ಲಿ, ಯಾವ ತಿಂಗಳಲ್ಲಿ ಎಷ್ಟು ಬೇಕಾಗುತ್ತದೆಂಬುದು ಬರಹದಲ್ಲಿ ಇಲ್ಲದಿದ್ದರೆ ಯಾವ ಸೂತ್ರವೂ ಉಪಯೋಗಕ್ಕೆ ಬಾರದು. ಇಲ್ಲಿ ಎರಡು ನಷ್ಟಗಳು ಏನೇನೂ ಸಮವಲ್ಲ. ಉಳಿದರೆ ಅವಧಿ ಮೀರಿದ ಕೆಲವು ಸೀಸೆಗಳು ವ್ಯರ್ಥ. ಸಾಲದಿದ್ದರೆ ಒಂದು ಜೀವ. ಭಾಗಲಬ್ಧವು ಒಂದಕ್ಕೆ ಅತಿ ಸಮೀಪ ಬರುತ್ತದೆ, ಎಂದರೆ ಕೊರತೆಯೇ ಕೂಡದು.

ಇದರಲ್ಲಿ ಅಂಕಿಗಳನ್ನು ಮೇಲುಮೇಲೆ ನೋಡುವವರು ಎಡವುವ ಸೂಕ್ಷ್ಮವೊಂದಿದೆ. ಕಡಿತಕ್ಕೆ ಗುರಿಯಾಗಿ ವಿಷವೇರಿದ ಒಬ್ಬ ರೋಗಿಗೆ ಮೊದಲ ಬಾರಿಗೇ 8ರಿಂದ 10 ಸೀಸೆಗಳನ್ನು ಕೊಡಬೇಕೆಂದು ನಮ್ಮ ದೇಶದ ಚಿಕಿತ್ಸಾಕ್ರಮವು ಹೇಳುತ್ತದೆ. ಆದುದರಿಂದ ಒಂದು ಆರೋಗ್ಯ ಕೇಂದ್ರದಲ್ಲಿ 4 ಸೀಸೆಗಳಿದ್ದರೆ ಪುಸ್ತಕದಲ್ಲಿ ‘ದಾಸ್ತಾನು ಇದೆ’ ಎಂದು ಬರೆಯಬಹುದು. ರೋಗಿಯ ಪಾಲಿಗೆ ಅದು ಇಲ್ಲದಂತೆಯೇ. ಎಣಿಸಬೇಕಾದುದು ಸೀಸೆಗಳನ್ನಲ್ಲ, ರೋಗಿಗಳನ್ನು. ಯಾವ ಸರಕಿಗೆ ಯಾವುದು ಸರಿಯಾದ ಏಕಮಾನ ಎಂದು ನಿರ್ಧರಿಸುವುದು ಪ್ರಯೋಗಶಾಲೆಯಲ್ಲಿ ಎಷ್ಟು ಮುಖ್ಯವೋ ಉಗ್ರಾಣದಲ್ಲಿಯೂ ಅಷ್ಟೇ ಮುಖ್ಯ.

ಹಾಗಾದರೆ ಎಲ್ಲಿ ಇಡಬೇಕು? ಒಂಬತ್ತು ಕೇಂದ್ರಗಳು ಬೇರೆಬೇರೆಯಾಗಿ ಕಾಪು ದಾಸ್ತಾನು ಇಟ್ಟುಕೊಂಡರೆ ಒಟ್ಟು ಒಂಬತ್ತು ಪಾಲು ಬೇಕು. ಎಲ್ಲಕ್ಕೂ ಸೇರಿ ತಾಲ್ಲೂಕಿನಲ್ಲಿ ಒಂದೇ ಕಡೆ ಇಟ್ಟರೆ, ವರ್ಗಮೂಲದ ನಿಯಮದಂತೆ, ಮೂರು ಪಾಲು ಸಾಕು. ಅಕ್ಕಿಗೋ ಸೋಪಿಗೋ ಇದೇ ಸರಿಯಾದ ಉಪಾಯ. ದೊಡ್ಡ ಕಂಪನಿಗಳು ನೆಲಮಂಗಲದಂಥ ಕಡೆ ಭಾರಿ ಗೋದಾಮುಗಳನ್ನು ಕಟ್ಟಿಕೊಂಡಿರುವುದರ ಹಿಂದೆ ಈ ನಿಯಮವೂ ಕೆಲಸ ಮಾಡುತ್ತಿದೆ. ಆದರೆ ಘಾಟಿಯ ಅಂಚಿನ ಊರಿನಲ್ಲಿ ರಾತ್ರಿ ಮಳೆಯಲ್ಲಿ ಕಡಿತಕ್ಕೊಳಗಾದವನಿಗೆ ದೂರದ ಉಗ್ರಾಣದಲ್ಲಿರುವ ಮೂರು ಪಾಲಿನಿಂದ ಏನು ಪ್ರಯೋಜನ? ಇಲ್ಲಿ ಹಣದ ಮಿತವ್ಯಯವು ಗಂಟೆಗಳ ಲೆಕ್ಕಕ್ಕೆ ತಲೆಬಾಗಬೇಕು. ಪ್ರತಿ ದೂರದ ಕೇಂದ್ರದಲ್ಲಿಯೂ ಕಡೆಯ ಪಕ್ಷ ಒಬ್ಬ ರೋಗಿಯ ಮೊದಲ ಪ್ರಮಾಣವನ್ನಿಟ್ಟು, ಉಳಿದುದನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಒಟ್ಟುಗೂಡಿಸಿ, ದೂರದ ಕೇಂದ್ರಗಳಲ್ಲಿ ಅವಧಿ ಮುಗಿಯಲು ಕೆಲವು ತಿಂಗಳಿರುವಾಗಲೇ ಆ ಸೀಸೆಗಳನ್ನು ಹೆಚ್ಚು ರೋಗಿಗಳು ಬರುವ ಆಸ್ಪತ್ರೆಗೆ ಸಾಗಿಸಿ ಹೊಸವನ್ನು ತಂದಿಟ್ಟರೆ ವ್ಯರ್ಥವಾಗುವುದು ಬಹಳ ಕಡಮೆಯಾಗುತ್ತದೆ. ಪ್ರತಿವಿಷವು ದ್ರವರೂಪದಲ್ಲಿದ್ದರೆ ಅದಕ್ಕೆ ಶೀತಕಪೆಟ್ಟಿಗೆ ಬೇಕು, ಒಣಪುಡಿಯ ರೂಪದ್ದಾದರೆ ಬೇಡ. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ತು ಹೋಗುವ ಊರಿಗೆ ಯಾವುದನ್ನು ಕಳುಹಿಸಬೇಕೆಂಬುದೂ ಯೋಜಕನ ಲೆಕ್ಕದಲ್ಲಿ ಸೇರುತ್ತದೆ. ಔಷಧಗಳ ಸರಬರಾಜಿಗೆಂದೇ ತಮಿಳುನಾಡು 1994ರಲ್ಲಿ ಒಂದು ನಿಗಮವನ್ನು ಸ್ಥಾಪಿಸಿತು. ನಮ್ಮ ರಾಜ್ಯದಲ್ಲಿಯೂ ವೈದ್ಯಕೀಯ ಸರಬರಾಜು ನಿಗಮವಿದೆ. ಇಂಥ ಸಂಸ್ಥೆಗಳಲ್ಲಿ ಕುಳಿತ ಯೋಜಕನೊಬ್ಬನು ಕೂಡಿದ ಕಳೆದ ಅಂಕಿಗಳು ಯಾರೋ ಒಬ್ಬ ಕೂಲಿಯಾಳಿನ ಆಯುಸ್ಸನ್ನು ನಿರ್ಧರಿಸಬಲ್ಲವು.

ಇನ್ನು ವೃತ್ತಿಯ ವಿಚಾರ. ಯೋಜಕನ ದಿನವು ಗಣಕದ ಪರದೆಯ ಮೇಲೆ ಮೂಡುವ ಪಟ್ಟಿಯಿಂದ ಆರಂಭವಾಗುತ್ತದೆ: ಯಾವ ಸರಕು ಮರುಬೇಡಿಕೆಯ ಮಟ್ಟಕ್ಕಿಂತ ಕೆಳಗಿಳಿದಿದೆ, ಯಾವ ಲಾರಿ ತಡವಾಗಿದೆ, ಯಾವುದು ತಿಂಗಳುಗಳಿಂದ ಅಲುಗಾಡದೆ ಬಿದ್ದಿದೆ. ಹತ್ತು ಸಾವಿರ ಸರಕುಗಳನ್ನು ಒಂದೇ ಎಚ್ಚರದಿಂದ ನೋಡಲಾಗದು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಡಿಕಿ ಎಂಬವನು 1951ರಲ್ಲಿ ವಿವರಿಸಿದಂತೆ, ವರ್ಷದ ಖರ್ಚಿನ ಮೌಲ್ಯಕ್ಕನುಸಾರವಾಗಿ ಅವನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿ, ಹಣದ ಬಹುಭಾಗವನ್ನು ಹಿಡಿದಿಟ್ಟಿರುವ ಕೆಲವೇ ‘ಎ’ ಸರಕುಗಳನ್ನು ಕಣ್ಣಿಟ್ಟು ಕಾಯುವುದು ವಾಡಿಕೆ. ಹೀಗೆ ಮಾಡುವಾಗ ಅಗ್ಗದ ವಸ್ತುವನ್ನು ತುಚ್ಛವಾಗಿ ಕಾಣಬಾರದು; ಎರಡು ರೂಪಾಯಿಯ ತಿರುಪು ಇಲ್ಲದೆ ಬಸ್ಸೊಂದು ಡಿಪೋದಲ್ಲಿಯೇ ನಿಲ್ಲಬಹುದು.

ಪಟ್ಟಿಯನ್ನು ನಂಬುವ ಮೊದಲು ಗೋದಾಮಿಗೆ ಹೋಗಿ ಎಣಿಸಿ ನೋಡುವುದು ಒಳ್ಳೆಯ ಯೋಜಕನ ಗುರುತು. ಪುಸ್ತಕದಲ್ಲಿ 40, ಕಪಾಟಿನಲ್ಲಿ 31 ಇರುವುದು ಅಪರೂಪವಲ್ಲ. ಬೇಡಿಕೆಯ ಅಂಕಿಯನ್ನೂ ಹಾಗೆಯೇ ಪರೀಕ್ಷಿಸಬೇಕು. ಕೊರತೆಯ ಸುದ್ದಿ ಹಬ್ಬಿದೊಡನೆ ಚಿಲ್ಲರೆ ಅಂಗಡಿಯವನು ಎರಡು ಪಟ್ಟು ಕೇಳುತ್ತಾನೆ, ಅದನ್ನು ನೋಡಿ ಸಗಟು ವ್ಯಾಪಾರಿಯು ನಾಲ್ಕು ಪಟ್ಟು ಕೇಳುತ್ತಾನೆ, ಕಾರ್ಖಾನೆಯವನು ಹೊಸ ಯಂತ್ರವನ್ನೇ ತರಿಸುತ್ತಾನೆ; ಕೊನೆಗೆ ಎಲ್ಲರ ಗೋದಾಮುಗಳೂ ತುಂಬಿ ಕುಳಿತಿರುತ್ತವೆ. ಎಂ.ಐ.ಟಿ.ಯ ಜೇ ಫಾರೆಸ್ಟರ್ 1958ರಲ್ಲಿ ಈ ವರ್ಧನೆಯನ್ನು ವಿಶ್ಲೇಷಿಸಿದರು. ವಿದ್ಯುನ್ಮಂಡಲಗಳಲ್ಲಿ ತಡವಾದ ಪ್ರತಿಪುಷ್ಟಿಯು ಆಂದೋಲನವನ್ನು ಹುಟ್ಟಿಸುವುದನ್ನು ಓದಿದವರಿಗೆ ಇದು ಹಳೆಯ ಪರಿಚಯ.

ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಎಡೆಗಳು ಬೇಕಾದಷ್ಟಿವೆ. ಬೆಂಗಳೂರಿನ ವಿಮಾನ ಮತ್ತು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು, ಬಿಡದಿಯ ಮೋಟಾರು ಕಾರ್ಖಾನೆ, ಅಂತರಜಾಲದಲ್ಲಿ ಸರಕು ಮಾರುವ ಕಂಪನಿಗಳು, ಔಷಧ ತಯಾರಕರು, ದೊಡ್ಡ ಆಸ್ಪತ್ರೆಗಳು. ಹತ್ತಿರದಲ್ಲಿ ಬೇಕೆಂದರೆ ಹಾಸನದ ಉಡುಪು ಕಾರ್ಖಾನೆಗಳು, ಕಾಫಿ ಸಂಸ್ಕರಣಾಲಯಗಳು. ಬಿ.ಎಸ್‌ಸಿ., ಬಿ.ಕಾಂ., ಬಿ.ಬಿ.ಎ. ಪದವಿಗಳಿಂದಲೂ ಒಳಗೆ ಕಾಲಿಡಬಹುದು. ಎಂಜಿನಿಯರಿಂಗಿನಲ್ಲಿ ಕೈಗಾರಿಕಾ ಎಂಜಿನಿಯರಿಂಗ್ ಶಾಖೆಯು ಇದಕ್ಕೆ ಹತ್ತಿರದ್ದು. ಕೆಲಸದಲ್ಲಿದ್ದುಕೊಂಡೇ ಭಾರತೀಯ ಸಾಮಗ್ರಿ ನಿರ್ವಹಣಾ ಸಂಸ್ಥೆಯ ಡಿಪ್ಲೊಮಾ ಮಾಡುವವರುಂಟು. 1957ರಲ್ಲಿ ಆರಂಭವಾಗಿ ಈಗ ಎ.ಎಸ್.ಸಿ.ಎಂ. ಎಂಬ ಹೆಸರಿರುವ ಅಮೆರಿಕದ ಸಂಘದ ಸಿ.ಪಿ.ಐ.ಎಂ. ಪರೀಕ್ಷೆಗೆ ಕಂಪನಿಗಳಲ್ಲಿ ಬೆಲೆಯಿದೆ. ಗಣಕದ ಕೋಷ್ಟಕಗಳನ್ನು ಚುರುಕಾಗಿ ಬಳಸುವುದು, ಮಾನಕ ವಿಚಲನೆಯ ಅರ್ಥವನ್ನು ಸೂತ್ರವಿಲ್ಲದೆ ಹೇಳಬಲ್ಲದು, ಸ್ಪಷ್ಟವಾದ ಪತ್ರ ಬರೆಯುವುದು, ಈ ಮೂರು ಇದ್ದವನು ಬೇಗ ಮುಂದೆ ಬರುತ್ತಾನೆ. ಮೊದಲು ಕೆಲವು ಸರಕುಗಳ ಹೊಣೆ, ಅನಂತರ ಒಂದು ವರ್ಗದ ಹೊಣೆ, ಆಮೇಲೆ ಬೇಡಿಕೆಯ ಮುನ್ನಂದಾಜು, ಪೂರೈಕೆ, ಉತ್ಪಾದನೆ ಮೂರನ್ನೂ ಹೊಂದಿಸುವ ಹುದ್ದೆ ಎಂಬುದು ಸಾಮಾನ್ಯವಾದ ಏರಿಕೆ. ನಮ್ಮ ಅಭಿಪ್ರಾಯದಲ್ಲಿ ಮೊದಲ ಒಂದೆರಡು ವರ್ಷಗಳನ್ನು ಗೋದಾಮಿನಲ್ಲಿಯೇ ಕಳೆದವರಿಗೆ ಮುಂದೆ ಅದರ ಫಲವು ತಿಳಿಯುತ್ತದೆ.

ಕೆಲಸದ ಕಹಿಯನ್ನೂ ಹೇಳಬೇಕು. ಕಪಾಟು ತುಂಬಿದ್ದಾಗ ಯೋಜಕನನ್ನು ಯಾರೂ ನೆನೆಯುವುದಿಲ್ಲ. ಬರಿದಾದ ದಿನ ಎಲ್ಲರ ದೂರವಾಣಿಯೂ ಅವನಿಗೇ. ಮಾರಾಟದವರು ಹೆಚ್ಚಿಡು ಎನ್ನುತ್ತಾರೆ, ಹಣಕಾಸಿನವರು ಕಡಮೆ ಮಾಡು ಎನ್ನುತ್ತಾರೆ. ಮುನ್ನಂದಾಜನ್ನು ಈಗ ಯಂತ್ರಗಳೇ ಮಾಡುತ್ತಿರುವುದರಿಂದ, ಕೇವಲ ಅಂಕಿಗಳನ್ನು ತುಂಬುವ ಕೆಲಸವನ್ನು ನೆಚ್ಚಿಕೊಂಡವರಿಗೆ ಉಳಿಗಾಲ ಕಷ್ಟ. ನಾಲ್ಕು ಸೀಸೆಯೆಂದರೆ ಸೊನ್ನೆ ಎಂಬುದನ್ನು ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕಷ್ಟೆ. ಆ ಹೇಳಿಕೊಡುವವನ ಜಾಗವು ಖಾಲಿಯಾಗಿಲ್ಲ.

ಆಸಕ್ತರಾದ ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಿ ನೋಡಬಹುದಾದ ಒಂದು ಅಭ್ಯಾಸವಿದೆ. ಅಡುಗೆ ಅನಿಲದ ಹಿಂದಿನ ಹತ್ತು ಸಿಲಿಂಡರುಗಳನ್ನು ಹಚ್ಚಿದ ದಿನಾಂಕಗಳನ್ನು ರಸೀದಿ ಪುಸ್ತಕದಿಂದಲೋ ಮನೆಯವರನ್ನು ಕೇಳಿಯೋ ಬರೆದುಕೊಂಡು, ಒಂದು ಸಿಲಿಂಡರು ಎಷ್ಟು ದಿನ ಬಂತೆಂಬುದರ ಸರಾಸರಿಯನ್ನೂ ಮಾನಕ ವಿಚಲನೆಯನ್ನೂ ಕಂಡುಹಿಡಿಯಬೇಕು. ಕೇಳಿದ ದಿನದಿಂದ ಮನೆಗೆ ಮುಟ್ಟಿದ ದಿನದವರೆಗಿನ ಅವಧಿಗಳನ್ನು ಬೇಸಗೆಗೆ ಬೇರೆ, ಮಳೆಗಾಲಕ್ಕೆ ಬೇರೆ ಬರೆಯಬೇಕು. ಮನೆಯಲ್ಲಿ ಇರುವುದು ಒಂದೇ ಸಿಲಿಂಡರು ಎಂದಾದರೆ, ನೂರರಲ್ಲಿ 98 ಸಲ ಒಲೆಯು ಆರದಿರಲು ಹಚ್ಚಿದ ಎಷ್ಟನೆಯ ದಿನಕ್ಕೆ ಮುಂದಿನದನ್ನು ಕೇಳಬೇಕು? ಪುಷ್ಯ ಮಳೆಯ ದಿನಗಳಿಗೆ ಬರುವ ಉತ್ತರವನ್ನು ಶಿವರಾತ್ರಿಯ ದಿನಗಳ ಉತ್ತರದ ಪಕ್ಕದಲ್ಲಿಟ್ಟು ನೋಡಿ, ಅಟ್ಟದ ಮೇಲೆ ಎಷ್ಟು ಸೌದೆ ಇರಬೇಕೆಂಬುದನ್ನೂ ಲೆಕ್ಕ ಹಾಕಬಹುದು.